ಸುಬ್ಹುಂತಿಬೊ ತಲೆಗೆ ಹತ್ತುತ್ತಿಲ್ಲ ಅಂದವರಿಗೆ ಮ್ಯಾಡ್ರಿಡ್‌ನಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಮ್ಯಾಡ್ರಿಡ್‌ಗೆ ಬಂದು ವರ್ಷ ಆಗುತ್ತಾ ಬಂತು. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತೀರಿ, ಅಲ್ಲಿ ಸುಬ್ಹುಂತಿಬೊ ಅನ್ನುವ ಕ್ರಿಯಾಪದದ ರೂಪ ಶುರುವಾದ ಮೇಲೆ ತಲೆ ಕೆಟ್ಟುಹೋಗಿದೆ. ಹಾಳೆಯ ಮೇಲೆ ಸರಿ ಬರೆಯುತ್ತೀರಿ, ಬಾಯಿ ತೆರೆದರೆ ಬರಲ್ಲ, ಬೇರೆಯವರು ಹೇಳಿದಾಗ ಕಿವಿಗೇ ಬೀಳಲ್ಲ. ಆರು ವರ್ಷದ ಮಗಳು ಮಾತ್ರ ಶಾಲೆಯಿಂದ ಬಂದು ಪಟಪಟ ಅಂತ ಮಾತಾಡುತ್ತಾಳೆ. "ನಮ್ಮ ತಲೆಗೆ ಇದು ಹತ್ತೋದೇ ಇಲ್ವಾ, ಇಲ್ಲೇ ಇರೋದಾದರೆ ಇದು ಎಷ್ಟು ಮುಖ್ಯ?" ಅಂತ ಕೇಳಿದ್ದೀರಿ.

ಹತ್ತುತ್ತದೆ. ಆದರೆ ಪುಸ್ತಕದ ಪಟ್ಟಿ ಉರು ಹೊಡೆದರೆ ಹತ್ತಲ್ಲ. ನಾನು ಇಲ್ಲಿಗೆ ಬಂದು ಬಹಳ ವರ್ಷಗಳಾದವು. ಹೊಸಬರ ಜೊತೆ ಈ ವಿಷಯ ಎಷ್ಟು ಸಲ ಮಾತಾಡಿದ್ದೇನೋ ಲೆಕ್ಕವಿಲ್ಲ, ಇದರ ಬಗ್ಗೆ ಓದೋ ಹುಚ್ಚೂ ಸ್ವಲ್ಪ ಇದೆ. ಅದಕ್ಕೇ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸ್ಪ್ಯಾನಿಷ್ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ ಎರಡು ಮಾತು. ಇದ್ದದ್ದನ್ನು ಇದ್ದ ಹಾಗೆ ಹೇಳುವಾಗ ಕ್ರಿಯಾಪದಕ್ಕೆ ಒಂದು ರೂಪ. ಆಸೆ, ಅನುಮಾನ, ಅಪ್ಪಣೆ, ಇನ್ನೂ ಆಗದೇ ಇರುವ ಸಂಗತಿ ಬಂದರೆ ಇನ್ನೊಂದು ರೂಪ. ಆ ಇನ್ನೊಂದೇ ಸುಬ್ಹುಂತಿಬೊ. 'ಬಿಯೆನೆ' ಅಂದರೆ ಬರುತ್ತಾನೆ. 'ಕಿಯೆರೊ ಕೆ ಬೆಂಗಾ' ಅಂದರೆ ಅವನು ಬರಲಿ ಅಂತ ನನಗೆ ಆಸೆ.

ಬರೆಯೋಕೆ ಬರುತ್ತದೆ, ಕಿವಿಗೆ ಬೀಳಲ್ಲ ಅಂದಿರಲ್ಲ, ಅದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಓದುವ ವೇಗ ಅಳೆಯುವ ಒಂದು ಪ್ರಯೋಗ ಇದೆ. ಪರದೆಯ ಮೇಲೆ ವಾಕ್ಯ ಒಂದೊಂದೇ ಪದವಾಗಿ ಬರುತ್ತದೆ, ಬಟನ್ ಒತ್ತಿದರೆ ಮುಂದಿನ ಪದ, ಪ್ರತಿ ಪದದ ಮೇಲೆ ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನು ಮಿಲಿಸೆಕೆಂಡಿನಲ್ಲಿ ಲೆಕ್ಕ ಹಾಕುತ್ತಾರೆ. ಸ್ಪ್ಯಾನಿಷ್ ಮನೆಮಾತಿನವರು ತಪ್ಪು ರೂಪ ಬಂದ ಕಡೆ, ಇಲ್ಲವೇ ಅದರ ಮುಂದಿನ ಪದದಲ್ಲಿ, ಕೊಂಚ ತಡೆಯುತ್ತಾರೆ. ಅವರಿಗೆ ಗೊತ್ತಾಗುವ ಮೊದಲೇ ಕಣ್ಣು ಎಡವಿರುತ್ತದೆ. ನಡುಮಟ್ಟದ ಕಲಿಕೆಯವರು ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗಿಬಿಡುತ್ತಾರೆ. ಅದೇ ವಾಕ್ಯವನ್ನು ಕಾಗದದ ಮೇಲೆ ಕೊಟ್ಟು ಸರಿಯೋ ತಪ್ಪೋ ಅಂತ ಕೇಳಿದರೆ ಸರಿಯಾಗಿ ಗುರುತು ಹಾಕುತ್ತಾರೆ! ನಿಯಮ ಗೊತ್ತಿರುವುದು ಬೇರೆ, ಓಡುವ ಮಾತಿನಲ್ಲಿ ಅದನ್ನು ಹಿಡಿಯುವುದು ಬೇರೆ. ಚೆನ್ನಾಗಿ ಪಳಗಿದವರು 'ಕಿಯೆರೊ ಕೆ' ಥರದ ಕಡೆ ತಡೆಯೋಕೆ ಶುರುಮಾಡುತ್ತಾರೆ. ಅರ್ಥ ನೋಡಿಕೊಂಡು ರೂಪ ಆರಿಸಬೇಕಾದ ಕಡೆ ಅವರಿಗೂ ಕಷ್ಟವೇ.

ಹೀಗೇಕೆ ಅನ್ನುವುದಕ್ಕೆ ಅಮೆರಿಕದ ಬಿಲ್ ವ್ಯಾನ್‌ಪ್ಯಾಟನ್ ಅನ್ನುವ ಭಾಷಾ ಕಲಿಕೆಯ ಪಂಡಿತರು ಕೊಡುವ ಕಾರಣ ನನಗೆ ತುಂಬ ಒಪ್ಪಿಗೆ. ಹೊಸ ಭಾಷೆ ಕೇಳುವವನ ತಲೆ ಮೊದಲು ಅರ್ಥಕ್ಕೆ ಕೈ ಹಾಕುತ್ತದೆ. ಒಂದೇ ವಿಷಯವನ್ನು ಒಂದು ಪೂರ್ತಿ ಪದವೂ ಹೇಳುತ್ತಿದೆ, ಇನ್ನೊಂದು ಪದದ ಬಾಲವೂ ಹೇಳುತ್ತಿದೆ ಅಂದರೆ, ತಲೆ ಪದವನ್ನು ಹಿಡಿದುಕೊಂಡು ಬಾಲವನ್ನು ಬಿಟ್ಟುಬಿಡುತ್ತದೆ. 'ಕಿಯೆರೊ' ಅಂದಾಗಲೇ ಇದು ಆಸೆ ಅಂತ ಗೊತ್ತಾಯಿತು. ಮತ್ತೆ ಆ ಕೊನೆಯ ಸ್ವರ ಯಾಕೆ ಬೇಕು? ಅದೂ ವಾಕ್ಯದ ನಡುವೆ ಹುದುಗಿರುತ್ತದೆ, ಗಮನ ಅತಿ ಕಡಿಮೆ ಇರುವ ಜಾಗದಲ್ಲಿ.

ಆ ಸ್ವರವಾದರೂ ನೆಟ್ಟಗಿದೆಯಾ, ಅದೂ ಇಲ್ಲ. 'ಆಬ್ಲಾ' ಸಾದಾ ರೂಪ, 'ಆಬ್ಲೆ' ಸುಬ್ಹುಂತಿಬೊ. 'ಕೋಮೆ' ಸಾದಾ, 'ಕೋಮಾ' ಸುಬ್ಹುಂತಿಬೊ. ಒಂದು ಗುಂಪಿನಲ್ಲಿ 'ಎ' ಅಂದರೆ ಆಸೆ, ಇನ್ನೊಂದು ಗುಂಪಿನಲ್ಲಿ ಅದೇ 'ಎ' ಅಂದರೆ ಸುಮ್ನೆ ಇದ್ದ ವಿಷಯ. ಸ್ವರ ಕೇಳಿಸಿದರೂ ಸಾಲದು, ಕ್ರಿಯಾಪದ ಯಾವ ಗುಂಪಿನದು ಅಂತ ಅಷ್ಟರಲ್ಲೇ ನೆನಪಾಗಬೇಕು. ಒತ್ತು ಬೇರೆ ಅದರ ಮೇಲೆ ಬೀಳಲ್ಲ. ಮ್ಯಾಡ್ರಿಡ್‌ನವರ ವೇಗಕ್ಕೆ ಆ ಸ್ವರ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಅದಕ್ಕೇ 'ತೆಂಗಾ', 'ಸಾಲ್ಗಾ', 'ಬಾಯಾ', 'ಸೆಯಾ' ಅನ್ನುವ ಹದ ತಪ್ಪಿದ ರೂಪಗಳೇ ಮೊದಲು ಹಿಡಿಸುತ್ತವೆ. ಪುಸ್ತಕದವರು ಅವನ್ನು ಕೊನೆಗೆ ಇಡುತ್ತಾರೆ. ನೀವು ಅಲ್ಲಿಂದಲೇ ಶುರುಮಾಡಿ.

ಹಾಗಾದರೆ ಬಾಲ ಬಿಟ್ಟರೆ ನಷ್ಟವೇನು? ಅರ್ಧ ಕಡೆ ಏನೂ ಇಲ್ಲ. 'ಕಿಯೆರೊ ಕೆ ಬಿಯೆನೆ' ಅಂತ ತಪ್ಪಾಗಿ ಅಂದರೂ ಎದುರಿನವರಿಗೆ ಅರ್ಥವಾಗುತ್ತದೆ, ಯಾರೂ ಮುಖ ಸಿಂಡರಿಸಲ್ಲ. ಆದರೆ ಬಾಲವೇ ಅರ್ಥ ಹೊರುವ ಕೆಲವು ಜಾಗ ಇವೆ. ನಿಮ್ಮ ಶ್ರಮ ಎಲ್ಲ ಅಲ್ಲಿಗೆ ಹೋಗಬೇಕು.

ಒಂದು ನೋಡಿ. ಬಾಗಿಲ ಬಳಿಯ ತೆಲೆಫೊನಿಯೊ (ಇಂಟರ್‌ಕಾಮ್) ರಿಂಗಾಗುತ್ತದೆ, ಮಗಳು ಎತ್ತಿಕೊಳ್ಳುತ್ತಾಳೆ. ಕೆಳಗಿನಿಂದ ಪೋರ್ತೆರೊ, ಅಂದರೆ ಕಟ್ಟಡ ನೋಡಿಕೊಳ್ಳುವವನು, "ದಿಲೆ ಅ ತು ಪಾದ್ರೆ ಕೆ ಬಾಹೆ" ಅನ್ನುತ್ತಾನೆ. ಅಪ್ಪನಿಗೆ ಇಳಿದು ಬರೋಕೆ ಹೇಳು ಅಂತ. ಅವನೇ "ದಿಲೆ ಅ ತು ಪಾದ್ರೆ ಕೆ ಬಾಹಾ ಮಾರಿಯಾ" ಅಂದರೆ, ಮೇಲಿನ ಮನೆಯ ಮಾರಿಯಾ ಇಳಿದು ಬರುತ್ತಿದ್ದಾಳೆ ಅಂತ ಅಪ್ಪನಿಗೆ ತಿಳಿಸು. 'ಬಾಹೆ' ಆದರೆ ನೀವು ಚಪ್ಪಲಿ ಹಾಕಿಕೊಂಡು ಇಳಿಯಬೇಕು, 'ಬಾಹಾ' ಆದರೆ ಕೂತಲ್ಲೇ ಕೂತಿರಬಹುದು. 'ದಿಲೆ' ಅನ್ನುವ ಪದ ಎರಡೂ ಕಡೆ ಒಂದೇ, ಅದನ್ನು ನಂಬಿಕೊಂಡರೆ ಆಗಲ್ಲ.

ಮನೆ ಹುಡುಕುವಾಗ ಇನ್ನೊಂದು. "ಬುಸ್ಕೊ ಉನ್ ಪಿಸೊ ಕೆ ತೆಂಗಾ ಅಸ್ಥೆನ್ಸೋರ್" ಅಂದರೆ ಲಿಫ್ಟ್ ಇರುವ ಯಾವುದಾದರೂ ಮನೆ ಬೇಕು. 'ತೆಂಗಾ' ಬದಲು 'ತಿಯೆನೆ' ಅಂದರೆ ನೀವು ಮೊದಲೇ ನೋಡಿಟ್ಟ ಒಂದು ನಿರ್ದಿಷ್ಟ ಮನೆ ಹುಡುಕಿಕೊಂಡು ಬಂದಿದ್ದೀರಿ ಅನ್ನೋ ಹಾಗೆ ಕೇಳಿಸುತ್ತದೆ, ಏಜೆಂಟ್ "ಯಾವುದು?" ಅಂತ ಕೇಳಿದರೆ ಆಶ್ಚರ್ಯ ಇಲ್ಲ. 'ಔಂಕೆ ಯುವೇಬೆ' ಅಂದರೆ ಮಳೆ ಬರುತ್ತಿದೆ, ಆದರೂ. 'ಔಂಕೆ ಯುವೇಬಾ' ಅಂದರೆ ಮಳೆ ಬಂದರೂ ಸರಿ. ಭಾನುವಾರದ ತಿರುಗಾಟಕ್ಕೆ ಮಾತಾಡಿಕೊಳ್ಳುವಾಗ ಇದು ಬೇಕೇ ಬೇಕು.

ಈಗ ಕನ್ನಡದವರಿಗೆ ಸಿಗುವ ಲಾಭ. ನಿಮ್ಮ ಕ್ಲಾಸಿನ ಪುಸ್ತಕ ಇಂಗ್ಲಿಷ್‌ನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇಂಗ್ಲಿಷ್‌ನಲ್ಲಿ ಈ ರೂಪ ಹೆಚ್ಚೂ ಕಮ್ಮಿ ಸವೆದು ಹೋಗಿದೆ. ಅದಕ್ಕೇ ಅದು ಯಾವುದೋ ವಿಚಿತ್ರ ಪ್ರಾಣಿ ಅನ್ನೋ ಹಾಗೆ ವಿವರಿಸುತ್ತಾರೆ. ನಮಗೆ ಹಾಗಲ್ಲ ಮಾರಾಯ್ರೇ. ಶಾಲೆಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಕಲಿತದ್ದು ನೆನಪಿದೆಯಾ? ಮಾಡಲಿ, ಮಾಡನು, ಮಾಡಿಯಾನು. 'ಕೆ ತೆ ಮೆಹೋರೆಸ್' ಅಂದರೆ ಬೇಗ ಹುಷಾರಾಗಲಿ. 'ಪಾರಾ ಕೆ ಕೋಮಾ' ಅಂದರೆ ಊಟ ಮಾಡಲಿ ಅಂತ. 'ಪ್ವೇದೆ ಕೆ ಯುವೇಬಾ' ಅಂದರೆ ಮಳೆ ಬಂದೀತು. 'ಲಿ ಅಂತ' ಹಾಕಿ ಹೇಳೋಕೆ ಬಂದರೆ ಸ್ಪ್ಯಾನಿಷ್‌ನಲ್ಲಿ ಸುಬ್ಹುಂತಿಬೊ ಹಾಕಿ, ಬಹುಪಾಲು ಸರಿಯಾಗುತ್ತದೆ. ಆಸೆ ಪಡುವವನೂ ಕೆಲಸ ಮಾಡುವವನೂ ಒಬ್ಬನೇ ಆದರೆ ನಾವು 'ನಾನು ಬರಲಿ ಅಂತ ನನಗೆ ಆಸೆ' ಅನ್ನಲ್ಲ, 'ನನಗೆ ಬರೋಕೆ ಆಸೆ' ಅನ್ನುತ್ತೇವೆ, ಅಲ್ವಾ? ಸ್ಪ್ಯಾನಿಷ್‌ನವರೂ ಅಷ್ಟೇ, 'ಕಿಯೆರೊ ಬೆನಿರ್' ಅಂತ ಮುಗಿಸುತ್ತಾರೆ. ಅದಕ್ಕೆ ನನ್ನ ಸಲಹೆ, ಇಂಗ್ಲಿಷ್ ಮೂಲಕ ಸುತ್ತಿ ಹೋಗಬೇಡಿ. ಕನ್ನಡದಿಂದ ನೇರ ಹೋಗಿ.

ಆದರೆ ಎಲ್ಲ ಕಡೆ ಕೈ ಹಿಡಿಯಲ್ಲ. 'ನೊ ಕ್ರೆಯೊ ಕೆ ಬೆಂಗಾ' ಅನ್ನುವುದಕ್ಕೆ ನಾವು 'ಅವನು ಬರ್ತಾನೆ ಅಂತ ಅನ್ನಿಸಲ್ಲ' ಅನ್ನುತ್ತೇವೆ, ಬಾಲ ಸಾದಾ. 'ಕ್ವಾಂದೊ ಯೇಗೆಸ್, ಯಾಮಮೆ' ಅಂದರೆ ತಲುಪಿದಾಗ ಫೋನ್ ಮಾಡು. ನಮ್ಮ 'ತಲುಪಿದಾಗ' ದಿನಾ ನಡೆಯುವುದಕ್ಕೂ ಆಗುತ್ತದೆ, ನಾಳೆ ನಡೆಯುವುದಕ್ಕೂ ಆಗುತ್ತದೆ. ಅವರಿಗೆ ನಾಳೆಯದಕ್ಕೆ ಮಾತ್ರ ಸುಬ್ಹುಂತಿಬೊ. ಎಲ್ಲಕ್ಕಿಂತ ಮೋಸದ್ದು 'ಮೆ ಅಲೇಗ್ರೊ ದೆ ಕೆ ಎಸ್ತೇಸ್ ಅಕಿ', ನೀವು ಇಲ್ಲಿರೋದು ಖುಷಿ. ಎದುರಿಗೇ ಕೂತಿದ್ದಾರೆ, ಅನುಮಾನವೇ ಇಲ್ಲ, ಆದರೂ ಸುಬ್ಹುಂತಿಬೊ! "ನಿಜ ಅಲ್ಲದ್ದಕ್ಕೆ ಸುಬ್ಹುಂತಿಬೊ" ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಇಲ್ಲಿ ಬಿದ್ದುಹೋಗುತ್ತದೆ. ಇಂಥ ನಾಲ್ಕೈದನ್ನು ಇಡೀ ವಾಕ್ಯವಾಗಿ ಬಾಯಿಗೆ ಹಾಕಿಕೊಳ್ಳುವುದೇ ವಾಸಿ.

ಅಭ್ಯಾಸಕ್ಕೆ ವ್ಯಾನ್‌ಪ್ಯಾಟನ್ ದಾರಿಯದೇ ಒಂದು ಆಟ. ಹೆಂಡತಿಯೋ ಗೆಳೆಯರೋ ವಾಕ್ಯದ ಹಿಂಭಾಗ ಮಾತ್ರ ಓದಲಿ: "…ಕೆ ಬೆಂಗಾ ಮನ್ಯಾನಾ". ಮುಂದೆ 'ಸೆ' (ನನಗೆ ಗೊತ್ತು) ಇತ್ತೋ 'ಕಿಯೆರೊ' ಇತ್ತೋ ನೀವು ಹೇಳಬೇಕು. ಸುಳಿವು ಕೊಡುವ ಪದ ಕಿತ್ತುಹಾಕಿದರೆ ಕಿವಿಗೆ ಬಾಲ ಹಿಡಿಯದೆ ಬೇರೆ ದಾರಿ ಇರಲ್ಲ. ಖಾಲಿ ಬಿಟ್ಟ ಸ್ಥಳ ತುಂಬುವ ಹಾಳೆಗಳಿಗಿಂತ ಇದು ಎಷ್ಟೋ ಮೇಲು.

ಇನ್ನು ಮಗಳ ವಿಷಯ. ನಿಮಗೂ ಅವಳಿಗೂ ಹೋಲಿಕೆ ಬೇಡ. ಮಕ್ಕಳಿಗೆ 'ನೊ ತೋಕೆಸ್', 'ನೊ ಕೊರ್ರಾಸ್' (ಮುಟ್ಟಬೇಡ, ಓಡಬೇಡ) ಅಂತ ದಿನವಿಡೀ ಬೀಳುತ್ತಿರುತ್ತದೆ, ಅವೂ ಸುಬ್ಹುಂತಿಬೊ ರೂಪಗಳೇ. ಇಲ್ಲೇ ಹುಟ್ಟಿದ ಮಕ್ಕಳಿಗೆ ಅಪ್ಪಣೆ ಮತ್ತು ಆಸೆಯ ಬಳಕೆ ಎರಡು ಮೂರು ವರ್ಷಕ್ಕೇ ಬಂದುಬಿಡುತ್ತದೆ. 'ನೊ ಕ್ರೆಯೊ ಕೆ' ಥರದ್ದು ಅವರಿಗೂ ನಿಧಾನ, ಶಾಲೆಗೆ ಹೋಗುವ ವಯಸ್ಸು ಬೇಕು.

ಇದರ ಪರಿಣಾಮ ಕಾಣುವುದು ಅಮೆರಿಕದಲ್ಲಿ. ಅಲ್ಲಿ ಸ್ಪ್ಯಾನಿಷ್ ಮನೆಯಲ್ಲಿ ಬೆಳೆದ ಮಗು ಐದನೇ ವಯಸ್ಸಿಗೆ ಇಂಗ್ಲಿಷ್ ಶಾಲೆ ಸೇರುತ್ತದೆ, ತಡವಾಗಿ ಬರಬೇಕಾದ ಬಳಕೆಗಳು ಬರುವ ಮೊದಲೇ. ಕಾರ್ಮೆನ್ ಸಿಲ್ವಾ ಕೊರ್ವಲಾನ್ ಅನ್ನುವ ಭಾಷಾ ಪಂಡಿತೆ ಲಾಸ್ ಏಂಜಲೀಸ್‌ನ ಮೂರು ತಲೆಮಾರಿನ ಸ್ಪ್ಯಾನಿಷ್ ಬಗ್ಗೆ 1994ರಲ್ಲಿ ಬರೆದರು. ವಲಸೆ ಬಂದವರಲ್ಲಿ ಗಟ್ಟಿಯಾಗಿದ್ದ ಸುಬ್ಹುಂತಿಬೊ ಮಕ್ಕಳು, ಮೊಮ್ಮಕ್ಕಳಿಗೆ ಬರುವಾಗ ತೆಳುವಾಗುತ್ತಾ ಹೋಗುತ್ತದೆ. ಸಿಲ್ವಿನಾ ಮೊಂತ್ರುಲ್ ಅನ್ನುವ ಇನ್ನೊಬ್ಬ ಭಾಷಾ ಪಂಡಿತೆ ಇಂಥ ಮನೆಮಾತಿನ ಮಕ್ಕಳನ್ನೂ ಕ್ಲಾಸಿನಲ್ಲಿ ಕಲಿತವರನ್ನೂ ಹೋಲಿಸಿ ಬಹಳ ಕೆಲಸ ಮಾಡಿದ್ದಾರೆ. ಒಟ್ಟಿನಲ್ಲಿ ಕಾಣುವ ಚಿತ್ರ ಇದು: ಕ್ಲಾಸಿನವರು ಬರಹದ ಪರೀಕ್ಷೆಯಲ್ಲಿ ಮೇಲು, ಮನೆಮಾತಿನವರು ಬಾಯಿಮಾತಿನಲ್ಲಿ ಮೇಲು. ಈ ಮಕ್ಕಳ ಭಾಷೆಯನ್ನು 'ಅಪೂರ್ಣ' ಅಂತ ಕರೆಯುವ ರೂಢಿ ಇದೆ, ಅದರ ಬಗ್ಗೆ ಪಂಡಿತರಲ್ಲೇ ಜಗಳ ಇದೆ. ನನಗಂತೂ ಆ ಪದ ಹಿಡಿಸಲ್ಲ. ಕೇಳಿದ್ದನ್ನು ಕಲಿತಿದ್ದಾರೆ, ಕೇಳದ್ದನ್ನು ಎಲ್ಲಿಂದ ತರುತ್ತಾರೆ?

ನಿಮ್ಮ ಮಗಳ ಸ್ಪ್ಯಾನಿಷ್‌ಗೆ ಆ ಗತಿ ಇಲ್ಲ, ಮ್ಯಾಡ್ರಿಡ್‌ನಲ್ಲಿ ಶಾಲೆ, ಪಾರ್ಕ್, ಟಿವಿ ಎಲ್ಲ ಅದೇ. ಇಲ್ಲಿ ಮನೆಮಾತಿನ ಜಾಗದಲ್ಲಿ ಕೂತಿರುವುದು ಕನ್ನಡ. ದೀಪಾವಳಿಗೆ ಸೇರುವ ಮಕ್ಕಳನ್ನು ನೋಡುತ್ತೇನೆ. 'ಅಮ್ಮ ಬರಲಿ' ಸಲೀಸಾಗಿ ಅನ್ನುತ್ತವೆ. 'ಬಿದ್ದೀಯಾ ಜೋಕೆ' ಅಂದರೆ ಮಿಕಿಮಿಕಿ ನೋಡುತ್ತವೆ. ಹಾಗಂತ ಸ್ಪೇನ್ ಮೇಲೆ ಗೂಬೆ ಕೂರಿಸೋದು ಬೇಡ, ಬೆಂಗಳೂರಿನ ಮಕ್ಕಳೂ 'ಬಂದೀತು' ಬಿಟ್ಟು 'ಬರಬಹುದು' ಹಿಡಿದು ಬಹಳ ಕಾಲ ಆಯಿತು. ಮನೆಯಲ್ಲಿ ಅಜ್ಜಿ ಜೊತೆ ವೀಡಿಯೊ ಕಾಲ್ ಇದ್ದರೆ ಬಿಡಬೇಡಿ.

ಇನ್ನೊಂದು ಮಾತು, ಇಲ್ಲಿನವರೆಲ್ಲ ಪುಸ್ತಕದ ಹಾಗೆ ಮಾತಾಡುತ್ತಾರೆ ಅಂದುಕೊಳ್ಳಬೇಡಿ. ಬುರ್ಗೋಸ್ ಕಡೆ, ಬಾಸ್ಕ್ ನಾಡಿನ ಕಡೆ ಹೋದರೆ 'ಸಿ ತುಬಿಯೆರಾ ದಿನೇರೊ' (ದುಡ್ಡಿದ್ದಿದ್ದರೆ, ಇದೂ ಸುಬ್ಹುಂತಿಬೊನೇ) ಅನ್ನಬೇಕಾದ ಕಡೆ ಅದನ್ನು ಬಿಟ್ಟು 'ಸಿ ತೆಂದ್ರಿಯಾ' ಅನ್ನುವವರು ಬೇಕಾದಷ್ಟು ಜನ. ಮ್ಯಾಡ್ರಿಡ್‌ನವರು ತಿದ್ದುತ್ತಾರೆ, ಅವರು ಕ್ಯಾರೇ ಅನ್ನಲ್ಲ.

ಇಲ್ಲೇ ಇರೋದಾದರೆ ಎಷ್ಟು ಮುಖ್ಯ ಅಂತ ಕೇಳಿದಿರಲ್ಲ. ಭಾರತದವರಿಗೆ ಪೌರತ್ವಕ್ಕೆ ಸಾಮಾನ್ಯವಾಗಿ 10 ವರ್ಷದ ಕಾನೂನುಬದ್ಧ ವಾಸ ಬೇಕು. ಜೊತೆಗೆ ಎರಡು ಪರೀಕ್ಷೆ. ಭಾಷೆಗೆ ಡೆಲೆ ಎ2 (ಕೆಳಗಿನಿಂದ ಎರಡನೇ ಮಟ್ಟ), ಸಂವಿಧಾನ ಮತ್ತು ಸಮಾಜದ ಬಗ್ಗೆ ಸಿಸಿಎಸ್ಇ, ಇದರಲ್ಲಿ 25 ಪ್ರಶ್ನೆಗೆ 15 ಸರಿಯಾದರೆ ಪಾಸ್. ಎರಡನ್ನೂ ಸೆರ್ವಾಂತೆಸ್ ಸಂಸ್ಥೆಯೇ ನಡೆಸುತ್ತದೆ. ಎ2 ಮಟ್ಟಕ್ಕೆ ಸುಬ್ಹುಂತಿಬೊ ಭಯ ಬೇಡ, ಅದರ ಪಾಠ ಗಟ್ಟಿಯಾಗಿ ಬರುವುದು ಮುಂದಿನ ಮಟ್ಟವಾದ ಬಿ1ರಿಂದ. ಕೌಂಟರುಗಳಲ್ಲಿ ಕೇಳಿಸುವ 'ಪಾಸೆ', 'ಸಿಯೆಂತೆಸೆ', 'ಎಸ್ಪೇರೆ' (ಒಳಗೆ ಬನ್ನಿ, ಕೂತ್ಕೊಳ್ಳಿ, ಕಾಯಿರಿ) ಇವೂ ಅದೇ ರೂಪಗಳು, ಅವು ನಿಮಗೆ ಆಗಲೇ ಬಂದಿರುತ್ತವೆ ನೋಡಿ. ಈಗಿನ ಕ್ಲಾಸ್ ಹಿಡಿಸದಿದ್ದರೆ ಎಸ್ಕುಯೆಲಾ ಒಫಿಸಿಯಾಲ್ ದೆ ಇದಿಯೋಮಾಸ್ ಅನ್ನುವ ಸರ್ಕಾರಿ ಭಾಷಾ ಶಾಲೆ ನೋಡಿ. ಖಾಸಗಿಯವರಿಗಿಂತ ಫೀಸು ಎಷ್ಟೋ ಕಡಿಮೆ, ಸೀಟು ಸಿಗುವುದು ಮಾತ್ರ ಕಷ್ಟ. ಅರ್ಜಿ ಕರೆದ ದಿನವೇ ಹಾಕಿ.