ಕಲ್ಲಿಗೆ ಆಪರೇಷನ್ ಆಯ್ತು, ರಿಪೋರ್ಟಲ್ಲಿ ಕ್ಯಾನ್ಸರ್ ಅಂತಿದೆ

ಪ್ರಶ್ನೆ: ಅಮ್ಮನಿಗೆ 58 ವರ್ಷ. ಹೋದ ತಿಂಗಳು ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಯ್ತು. ಈಗ ಆರಾಮಾಗಿ ಅಡುಗೆ ಮಾಡಿಕೊಂಡಿದ್ದಾರೆ. ನಿನ್ನೆ ಬಯಾಪ್ಸಿ ರಿಪೋರ್ಟ್ ತಂದು ನೋಡಿದರೆ ಪಿತ್ತಕೋಶದ ಕ್ಯಾನ್ಸರ್, 'ಪಿಟಿ2' ಅಂತಿದೆ. ಮೊಬೈಲ್‌ನಲ್ಲಿ ಆರು ತಿಂಗಳು, ವರ್ಷ ಅಂತೆಲ್ಲ ಬರೆದಿದ್ದಾರೆ. ಪಿತ್ತಕೋಶ ತೆಗೆದಾಯ್ತಲ್ಲ, ಡಾಕ್ಟರು ಇನ್ನೊಂದು ಆಪರೇಷನ್ ಅಂತಿರೋದು ಯಾಕೆ? ಅಮ್ಮ ಎಷ್ಟು ದಿನ ಇರುತ್ತಾರೆ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಆ ಮೊಬೈಲ್ ಪಕ್ಕಕ್ಕಿಡಿ. ಆರು ತಿಂಗಳ ಲೆಕ್ಕ ಹೆಚ್ಚಾಗಿ ರೋಗ ಹರಡಿದ ಮೇಲೆ ಬಂದವರದ್ದು. ಕಣ್ಣು ಹಳದಿಯಾಯ್ತು ಅಂತ ಊರಿನ ಕಾಮಾಲೆ ಔಷಧಿ ಕುಡಿಯುತ್ತಾ ತಿಂಗಳುಗಟ್ಟಲೆ ಕಳೆದು, ತೂಕ ಇಳಿದು, ಆಮೇಲೆ ಸ್ಕ್ಯಾನಿಗೆ ಬರುವವರನ್ನು ನೋಡಿ ನನಗೂ ಸಾಕಾಗಿದೆ. ನಿಮ್ಮ ಅಮ್ಮನದ್ದು ಅಚಾನಕ್ಕಾಗಿ, ಬೇಗ ಸಿಕ್ಕಿದೆ.

ಈ ರೋಗದಲ್ಲಿ ಎಲ್ಲಕ್ಕಿಂತ ಮುಖ್ಯ, ಅದು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು. ಪಿತ್ತಕೋಶದ ಗೋಡೆ ಎರಡು ಮೂರು ಮಿಲಿಮೀಟರ್ ಅಷ್ಟೆ. ಒಳಪೊರೆಯಲ್ಲೇ ಇದ್ದರೆ (ಟಿ1ಎ) ಪಿತ್ತಕೋಶ ತೆಗೆದರೆ ಸಾಕು, 100ಕ್ಕೆ 90ಕ್ಕಿಂತ ಜಾಸ್ತಿ ಜನ ಐದು ವರ್ಷ ದಾಟುತ್ತಾರೆ. ಟಿ2 (ನಿಮ್ಮ ರಿಪೋರ್ಟಿನ 'ಪಿಟಿ2' ಇದೇ) ಅಂದರೆ ಗೋಡೆಯ ಸ್ನಾಯು ದಾಟಿ ಅದರಾಚೆಯ ಪದರಕ್ಕೆ ಬಂದಿದೆ ಅಂತ. ಇಲ್ಲೇ ಇರೋದು ತೊಡಕು. ಕಲ್ಲಿನ ಆಪರೇಷನ್ನಿನಲ್ಲಿ ಹಲಸಿನ ತೊಳೆ ಬಿಡಿಸಿದ ಹಾಗೆ ಲಿವರ್‌ನಿಂದ ಪಿತ್ತಕೋಶವನ್ನು ಬಿಡಿಸುತ್ತಾರೆ, ಆ ಬಿಡಿಸುವ ಜಾಗವೇ ಈ ಪದರ, ಹಾಗಾಗಿ ರೋಗದ ಒಂದಿಷ್ಟು ಕಣ ಲಿವರ್ ಕಡೆ ಉಳಿದಿರಬಹುದು. ಅದಕ್ಕೇ ಎರಡನೇ ಸಲ ಲಿವರ್‌ನ ಅಷ್ಟು ಭಾಗವನ್ನೂ ಸುತ್ತಲಿನ ಲಿಂಫ್ ಗಂಟುಗಳನ್ನೂ (ರೋಗ ಹರಡಬಹುದಾದ ಸಣ್ಣ ಗ್ರಂಥಿಗಳು) ತೆಗೆಯೋದು. ಗಡ್ಡೆ ಲಿವರ್ ಅಂಟಿದ ಬದಿಯಲ್ಲಿದ್ದರೆ ಸ್ವಲ್ಪ ಜಾಸ್ತಿ ಕಷ್ಟ, ಇನ್ನೊಂದು ಬದಿಯಲ್ಲಿದ್ದರೆ ಅದಕ್ಕಿಂತ ಪರವಾಗಿಲ್ಲ.

ಮೊದಲ ಆಪರೇಷನ್ನಿನ ವೇಳೆ ಪಿತ್ತಕೋಶ ಹರಿದು ಪಿತ್ತರಸ ಹೊಟ್ಟೆಯೊಳಗೆ ಚೆಲ್ಲಿತ್ತಾ ಅಂತ ಆ ಡಾಕ್ಟರನ್ನು ಸಂಕೋಚ ಬಿಟ್ಟು ಕೇಳಿ. ಚೆಲ್ಲಿದ್ದರೆ ರೋಗ ಹರಡುವ ಭಯ ಜಾಸ್ತಿ. ಲಿಂಫ್ ಗಂಟಿನಲ್ಲಿ ರೋಗ ಇದೆಯಾ, ಕತ್ತರಿಸಿದ ಅಂಚು ಶುದ್ಧವಾಗಿದೆಯಾ ಅನ್ನೋದು ಎರಡನೇ ಆಪರೇಷನ್ನಿನ ಬಯಾಪ್ಸಿ ರಿಪೋರ್ಟಲ್ಲಿ ಗೊತ್ತಾಗುತ್ತದೆ. 'ಎಷ್ಟು ದಿನ' ಅನ್ನೋ ಪ್ರಶ್ನೆಯನ್ನು ಅಲ್ಲಿವರೆಗೆ ತಡೆದಿಟ್ಟುಕೊಳ್ಳಿ. ಆಮೇಲೆ ಸಾಮಾನ್ಯವಾಗಿ ಆರು ತಿಂಗಳು ಕೆಪಸಿಟಬಿನ್ ಅನ್ನೋ ಕೀಮೋ ಮಾತ್ರೆ ಕೊಡುತ್ತಾರೆ. ವಯಸ್ಸಿಗಿಂತ ಊಟ, ಓಡಾಟ, ರಕ್ತದ ಪ್ರಮಾಣ ಚೆನ್ನಾಗಿರೋದು ಮುಖ್ಯ. ಅಡುಗೆ ಮಾಡಿಕೊಂಡಿದ್ದಾರೆ ಅಂದ್ರಲ್ಲ, ಅದು ಒಳ್ಳೆ ಲಕ್ಷಣ.

ಸುಮ್ನೆ ದಿನ ದೂಡಬೇಡಿ. ಮೊದಲ ಆಪರೇಷನ್ ಆಗಿ 4ರಿಂದ 8 ವಾರದೊಳಗೆ ಎರಡನೆಯದು ಆದರೆ ಒಳ್ಳೆಯದು, ನಿಮ್ಮದು ಆಗಲೇ ತಿಂಗಳಾಯ್ತು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಇಲ್ಲ ಲಿವರ್ ಆಪರೇಷನ್ನನ್ನೇ ದಿನಾ ಮಾಡುವ ಬೇರೆ ಕಡೆ ಹೋಗಿ. ಹೋಗುವಾಗ ಬರೀ ರಿಪೋರ್ಟ್ ಸಾಲದು. ಸಣ್ಣ ಡಬ್ಬಿಯಲ್ಲಿ ಕೊಟ್ಟ ಕಲ್ಲುಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಬೇಕಾಗಿರೋದು ಅದಲ್ಲ. ತೆಗೆದ ಪಿತ್ತಕೋಶದ ತುಣುಕು ಇರೋ ಸ್ಲೈಡು ಮತ್ತು ಮೇಣದ ಬ್ಲಾಕು, ಎರಡನ್ನೂ ಲ್ಯಾಬ್‌ನಿಂದ ನಾಳೆನೇ ಕೇಳಿ ತಗೊಳ್ಳಿ.