ಪಿಕಪ್ ಕೊಟ್ಟು ಏಳು ಸೀಟಿನ ಎಸ್‌ಯುವಿ ತರೋಣ ಅಂತಿದ್ದೀವಿ, ಸರಿನಾ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ತೆಂಗಿನ ತೋಟ, ಸ್ವಲ್ಪ ಅಡಿಕೆ ಇದೆ. 2018ರಲ್ಲಿ ಬೊಲೆರೊ ಪಿಕಪ್ ತಗೊಂಡೆವು, ಹಳದಿ ಬೋರ್ಡ್. ಸಾಲ ಹೋದ ವರ್ಷ ತೀರಿತು. ಮನೆಯಲ್ಲಿ ಆರು ಜನ: ನಾನು, ಹೆಂಡತಿ, ಅಪ್ಪ, ಅಮ್ಮ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಅಪ್ಪನಿಗೆ ಮಂಡಿ ನೋವು. ಎಲ್ಲಿಗಾದರೂ ಹೋಗಬೇಕು ಅಂದ್ರೆ ಬಾಡಿಗೆ ಕಾರು ಮಾಡಬೇಕು, ಇಲ್ಲಾಂದ್ರೆ ಪಿಕಪ್ ಹಿಂದೆ ಜಮಖಾನ ಹಾಸಿ ಕೂರಿಸಿಕೊಂಡು ಹೋಗಬೇಕು. ಕಾರ್ ಶೋರೂಮಿನವರು ಪಿಕಪ್ ಎಕ್ಸ್‌ಚೇಂಜ್ ಮಾಡ್ಕೋತೀವಿ, ಬೋನಸ್ ಬೇರೆ ಕೊಡ್ತೀವಿ ಅಂತಾರೆ. ಆನ್‌ರೋಡ್ 18 ಲಕ್ಷದವರೆಗೆ ಹೋಗಬಹುದು, ಅದರಲ್ಲಿ 8 ಲಕ್ಷ ಸಾಲ. ಕೊಡಬಹುದಾ? ಯಾವ ಗಾಡಿ ಒಳ್ಳೇದು ಸರ್?

ಉತ್ತರ: ಮೊದಲು ಒಂದು ಮಾತು. ಹೊಸ ಗಾಡಿ ಬರಲಿ, ಬಾರದಿರಲಿ, ಜಮಖಾನ ಹಾಸಿ ಕೂರಿಸುವುದನ್ನು ಇವತ್ತೇ ನಿಲ್ಲಿಸಿ. ಪೊಲೀಸರು ಹಾಕುವ ದಂಡ ಇಲ್ಲಿ ದೊಡ್ಡ ವಿಷಯವಲ್ಲ. ಲಗೇಜ್ ಗಾಡಿಯಲ್ಲಿ ಸುಮ್ನೆ ಜೊತೆಗೆ ಬಂದವರಿಗೆ ಏನಾದರೂ ಆದರೆ ಪರಿಹಾರ ಕೊಡುವ ಹೊಣೆ ಇನ್ಶೂರೆನ್ಸ್ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಪ್ಪ, ಅಮ್ಮ, ಮಕ್ಕಳಿಗಿಂತ ದೊಡ್ಡ ಲೋಡ್ ಯಾವುದಿದೆ ಹೇಳಿ. ಅವರು ಪಾಲಿಸಿಯ ಹೊರಗೇ ಕೂತಿರುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೊಡಬಹುದು. ಆದರೆ ಕಾರ್ ಶೋರೂಮಿಗೆ ಕೊಡಬೇಡಿ.

ಕೊಡುವ ಮುಂಚೆ ಹೋದ ಒಂದು ವರ್ಷದಲ್ಲಿ ಪಿಕಪ್ ಎಷ್ಟು ದಿನ ನಿಜವಾಗಿ ಲೋಡ್ ಹೊತ್ತಿತು ಅಂತ ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ನಿಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರೇ ಜಾಸ್ತಿ. ಕಾಯಿ ಒಮ್ಮೆ ಅಟ್ಟಕ್ಕೇರಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ಎಪಿಎಂಸಿಗೆ ಕೊಬ್ಬರಿ ಹಾಕುವುದು ವರ್ಷಕ್ಕೆ ಕೆಲವೇ ಸಲ. ಉಳಿದದ್ದು ಗೊಬ್ಬರ, ಮೇವು, ಆಗಾಗ ಸಿಮೆಂಟು. ಇದೆಲ್ಲ ಸೇರಿ ತಿಂಗಳಿಗೆ ಎರಡು ಮೂರು ಲೋಡ್ ಅನ್ನುವುದಾದರೆ ಊರಿನ ಬಾಡಿಗೆ ಗಾಡಿ ಸಾಕು. ಟ್ಯಾಕ್ಸು, ಇನ್ಶೂರೆನ್ಸು, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಟೈರು ಎಲ್ಲ ಕೂಡಿಸಿ ನೋಡಿದರೆ ಮನೆ ಮುಂದೆ ನಿಂತ ಪಿಕಪ್ಪೇ ಹೆಚ್ಚು ತಿನ್ನುತ್ತದೆ. ನಿಮ್ಮದು 2018ರ ಗಾಡಿ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಾಗಾಗಿ ಮಾರಲು ಇದು ಕೆಟ್ಟ ಸಮಯವಲ್ಲ. ಒಂದು ವೇಳೆ ವಾರಕ್ಕೆ ಎರಡು ಮೂರು ಲೋಡ್ ಇದ್ದೇ ಇದೆ ಅಂತಾದರೆ ಪಿಕಪ್ ಇಟ್ಟುಕೊಂಡು ಕಡಿಮೆ ಬೆಲೆಯ ಕಾರು ನೋಡಿ. ಎಸ್‌ಯುವಿಯ ಸೀಟು ಮಡಚಿ ಯೂರಿಯಾ ಚೀಲ ಹೇರುತ್ತೇನೆ ಅಂದುಕೊಳ್ಳಬೇಡಿ. ಗೊಬ್ಬರದ ಪುಡಿ ಕಾರ್ಪೆಟ್ ಕೆಳಗಿಳಿದು ತಗಡು ತಿನ್ನುತ್ತದೆ. ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಸಾಮಾನು ಹೊಡೆದರೆ ಇನ್ಶೂರೆನ್ಸ್ ಕ್ಲೇಮೂ ಕೈ ತಪ್ಪಬಹುದು.

ಶೋರೂಮಿಗೆ ಬೇಡ ಅಂದೆನಲ್ಲ, ಕಾರಣ ಇಷ್ಟೇ. ನಿಮ್ಮ ಪಿಕಪ್ ಕೊಳ್ಳುವ ಗಿರಾಕಿ ಕಾರ್ ಶೋರೂಮಿಗೆ ಬರುವುದಿಲ್ಲ. ಅಲ್ಲಿನ ಹುಡುಗ ಗಾಡಿಯ ಸುತ್ತ ನಾಲ್ಕು ಫೋಟೊ ತೆಗೆದು ಬ್ರೋಕರಿಗೆ ಕಳಿಸುತ್ತಾನೆ, ಬ್ರೋಕರ್ ಒಂದು ರೇಟು ಹೇಳುತ್ತಾನೆ. ಅದರಲ್ಲಿ ಇಬ್ಬರ ಪಾಲೂ ಕಳೆದು ನಿಮಗೆ ಸಿಗುವುದು ಉಳಿದದ್ದು. ಬೋನಸ್ ಅಂತ ಕೊಟ್ಟ ಹಣ ಆ ರೇಟಿನಲ್ಲೇ ಮುರಿದುಕೊಂಡಿರಬಹುದು. ಇದೇ ಪಿಕಪ್ಪನ್ನು ತರಕಾರಿ ಮಂಡಿಯವರು, ನರ್ಸರಿಯವರು, ಶಾಮಿಯಾನದವರು ನೋಡುವ ರೀತಿ ಬೇರೆ. ಅವರು ಪಾಲಿಶ್ ನೋಡುವುದಿಲ್ಲ. ಕೆಳಗೆ ಬಗ್ಗಿ ಕಮಾನು ಪಟ್ಟಿ ಮುರಿದಿದೆಯಾ, ಚಾಸಿಗೆ ವೆಲ್ಡಿಂಗ್ ಬಿದ್ದಿದೆಯಾ, ಹಿಂದಿನ ಬಾಡಿಯ ನೆಲ ತೂತಾಗಿದೆಯಾ ಅಂತ ಕೈಯಾಡಿಸಿ ನೋಡುತ್ತಾರೆ. ಆಮೇಲೆ ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಇಷ್ಟೂ ಸರಿಯಿದ್ದರೆ ಒಳ್ಳೆ ರೇಟೇ ಕೊಡುತ್ತಾರೆ. ಹಾಗಾಗಿ ಹೊಸ ಪೇಂಟ್ ಹೊಡೆಸಬೇಡಿ, ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ಎಫ್‌ಸಿ ಮತ್ತು ಇನ್ಶೂರೆನ್ಸ್ ಚಾಲ್ತಿಯಲ್ಲಿಡಿ.

ಶೋರೂಮಿನಲ್ಲಿ ಎರಡು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಒಂದು, ಹಳದಿ ಬೋರ್ಡ್ ಗಾಡಿಗೂ ಬೋನಸ್ ಉಂಟಾ? ಎಷ್ಟೋ ಸ್ಕೀಮುಗಳು ಕಾರಿಗೆ ಮಾತ್ರ. ಎರಡು, ಹಳೆ ಗಾಡಿ ಹೊರಗೆ ಮಾರಿ, ಹೆಸರು ವರ್ಗಾವಣೆಯಾದ ಆರ್‌ಸಿ ನಕಲು ತಂದರೆ ಬೋನಸ್ ಕೊಡುತ್ತೀರಾ? ಕೆಲವರು ಕೊಡುತ್ತಾರೆ. ಹಾಗಾದರೆ ಒಳ್ಳೆ ರೇಟೂ ಸಿಕ್ಕಿತು, ಬೋನಸ್ಸೂ ಸಿಕ್ಕಿತು.

ಕಾಗದಪತ್ರದ ವಿಷಯದಲ್ಲಿ ದಯವಿಟ್ಟು ನಂಬಿಕೆ ಮೇಲೆ ಹೋಗಬೇಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇದ್ದೇ ಇರಬಹುದು. ಅವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲ ತೀರಿದ್ದನ್ನು ತಿಳಿಸುವ ಫಾರಂ 35 ತಗೊಂಡು ಆರ್‌ಟಿಒದಲ್ಲಿ ತೆಗೆಸಿ. ಎನ್‌ಒಸಿಗೆ ಅವಧಿ ಇರುತ್ತದೆ, ಸಾಮಾನ್ಯವಾಗಿ ಮೂರು ತಿಂಗಳು. ಮಾರುವಾಗ ಹೆಸರು ವರ್ಗಾವಣೆಯ ಫಾರಂ 29 ಮತ್ತು 30. ಕೊಳ್ಳುವವರು ಆಂಧ್ರದವರೋ ತಮಿಳುನಾಡಿನವರೋ ಆದರೆ ಫಾರಂ 28ರ ಎನ್‌ಒಸಿಯೂ ಬೇಕು. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಖಾಲಿ ಫಾರಮ್ಮಿಗೆ ಸಹಿ ಹಾಕಿ ಕೀ ಕೊಟ್ಟು ಬರುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದು ಅಪಾಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಆ ಕೇಸಿನಲ್ಲಿ ಗಾಡಿ ಮೂರು ನಾಲ್ಕು ಕೈ ಬದಲಾಗಿದ್ದರೂ ಹೊಣೆ ಬಂದದ್ದು ಮೊದಲು ಮಾರಿದವರ ಮೇಲೆ.

ಡೀಲರಿಗೇ ಮಾರುವುದಾದರೆ 2023ರ ಏಪ್ರಿಲ್‌ನಿಂದ ಒಂದು ಒಳ್ಳೆ ವ್ಯವಸ್ಥೆ ಬಂದಿದೆ. ಹಳೆ ಗಾಡಿ ವ್ಯಾಪಾರಕ್ಕೆ ಆರ್‌ಟಿಒ ಅನುಮತಿ ಪಡೆದ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಆನ್‌ಲೈನ್ ತಿಳಿಸಬೇಕು. ಅಲ್ಲಿಂದ ಗಾಡಿಯ ಹೊಣೆ ಡೀಲರದ್ದು. "ನಿಮ್ಮ ಅನುಮತಿ ಪತ್ರ ತೋರಿಸಿ" ಅಂತ ಕೇಳಲು ಸಂಕೋಚ ಬೇಡ. ಅದೇ ದಿನ ಫಾಸ್ಟ್‌ಟ್ಯಾಗ್ ಮುಚ್ಚಿಸಿ. ಇಲ್ಲದಿದ್ದರೆ ಅವರು ದಾಟುವ ಟೋಲಿಗೆ ನಿಮ್ಮ ಹಣ ಹೋಗುತ್ತಿರುತ್ತದೆ.

ಪಿಕಪ್ಪಿನಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ) ಮಾತ್ರ ಹೊಸ ಕಾರಿಗೆ ಬರುವುದಿಲ್ಲ. ಅದು ಒಂದೇ ವರ್ಗದ ಗಾಡಿಗಳ ನಡುವೆ ಮಾತ್ರ. ಶೋರೂಮಿನವರು ಆ ಆಸೆ ಹುಟ್ಟಿಸಿದರೆ ನಂಬಬೇಡಿ.

ಇನ್ನು ಗಾಡಿ. ನೀವು ಹೇಳಿದ ಬಜೆಟ್ಟಿನಲ್ಲಿ ತೆರಿಗೆಯೇ ದೊಡ್ಡ ಪಾಲು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಗಾಡಿಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡದಕ್ಕೆ 40%. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಪೆಟ್ರೋಲ್, ಡೀಸೆಲ್ ಕಾರು 10ರಿಂದ 20 ಲಕ್ಷದೊಳಗಿದ್ದರೆ 17%, ಜೊತೆಗೆ ಸೆಸ್. ಅಂದರೆ 15 ಲಕ್ಷದ ಗಾಡಿಗೆ ಎರಡೂವರೆ ಲಕ್ಷಕ್ಕೂ ಜಾಸ್ತಿ. ಎಕ್ಸ್‌ಶೋರೂಮ್ ಬೆಲೆ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರೇ ಮುಂಗಡವಾಗಿ ಪಡೆಯುವ ಆದಾಯ ತೆರಿಗೆ) ಬೇರೆ ಹಿಡಿಯುತ್ತಾರೆ. ಅದನ್ನು ಐಟಿ ರಿಟರ್ನ್ ಹಾಕಿ ಸರಿಹೊಂದಿಸಿಕೊಳ್ಳಬಹುದು. ಕೃಷಿ ಆದಾಯ ಅಂತ ರಿಟರ್ನ್ ಹಾಕದೆ ಎಷ್ಟೋ ರೈತರು ಆ ಹಣ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಸಾಲ ಐದು ವರ್ಷಕ್ಕೇ ನಿಲ್ಲಿಸಿ. 8 ಲಕ್ಷಕ್ಕೆ 9% ಬಡ್ಡಿ ಅಂದುಕೊಂಡರೆ ಐದು ವರ್ಷಕ್ಕೆ ಕಂತು ಸುಮಾರು 16,600, ಏಳು ವರ್ಷಕ್ಕೆ ಸುಮಾರು 12,900. ಕಂತು ಹಗುರ ಅನ್ನಿಸುತ್ತದೆ. ಆದರೆ ಬಡ್ಡಿ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರುತ್ತದೆ.

ಪಿಕಪ್ ಓಡಿಸಿದವರಿಗೆ ಬೊಲೆರೊ ನಿಯೋ ಮೇಲೆ ಮನಸ್ಸು ಹೋಗುವುದು ಸಹಜ. 18% ಜಿಎಸ್‌ಟಿಯ ಗಾಡಿ, ಹಳ್ಳಿ ರಸ್ತೆಗೆ ಗಟ್ಟಿ. ಆದರೆ ಅದರ ಹಿಂದಿನ ಎರಡು ಸೀಟು ಎದುರುಬದುರು ಅಡ್ಡಕ್ಕೆ ಕೂರುವಂಥವು. 2024ರ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತೆಯ ಕ್ರ್ಯಾಶ್ ಪರೀಕ್ಷೆಯಲ್ಲಿ ಐದರಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸ್ಟಾರ್. ಆರು ಜನರ ಮನೆಯಲ್ಲಿ ಆ ಅಡ್ಡ ಸೀಟಿಗೆ ಹೋಗುವುದು ಮಕ್ಕಳೇ, ಅಲ್ವಾ? ಅದಕ್ಕೇ ನಾನು ಬೇಡ ಅನ್ನುತ್ತೇನೆ.

ಅದೇ ಪರೀಕ್ಷೆಯಲ್ಲಿ ಟಾಟಾ ಸಫಾರಿ 2023ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಐದು ಸ್ಟಾರ್ ಪಡೆಯಿತು. ಸ್ಕಾರ್ಪಿಯೋ ಎನ್ 2022ರಲ್ಲಿ ದೊಡ್ಡವರಿಗೆ ಐದು, ಮಕ್ಕಳಿಗೆ ಮೂರು. ಎರಡರಲ್ಲೂ ಮೂರನೇ ಸಾಲು ಮುಂದಕ್ಕೇ ನೋಡುತ್ತದೆ. ನಿಮ್ಮ ಮನೆಗೆ ಸಫಾರಿಯ ಕೆಳಗಿನ ವೇರಿಯಂಟ್ ಸಾಕು, ಏರ್‌ಬ್ಯಾಗ್ ಎಷ್ಟಿದೆ ಅಂತ ಆ ವೇರಿಯಂಟಿನಲ್ಲೇ ಕೇಳಿ. ಸನ್‌ರೂಫಿಗೆ ಹಣ ಹಾಕುವ ಬದಲು ಹತ್ತಲು ಸೈಡ್ ಸ್ಟೆಪ್ ಹಾಕಿಸಿ.

ಟೆಸ್ಟ್ ಡ್ರೈವಿಗೆ ನೀವೊಬ್ಬರೇ ಹೋಗಬೇಡಿ. ಆರು ಜನವೂ ಹೋಗಿ. ಅಪ್ಪ ಯಾರ ಕೈಯೂ ಹಿಡಿಯದೆ ಹತ್ತಿ ಇಳಿಯಲಿ. ಮಂಡಿ ಎಷ್ಟು ಮಡಚಬೇಕಾಯಿತು, ಹಿಡಿದುಕೊಳ್ಳಲು ಹಿಡಿ ಎಲ್ಲಿದೆ ನೋಡಿ. ದೊಡ್ಡ ಮಗುವನ್ನು ಮೂರನೇ ಸಾಲಿನಲ್ಲಿ ಹದಿನೈದು ನಿಮಿಷ ಕೂರಿಸಿ, ಎಸಿ ಗಾಳಿ ಅಲ್ಲಿಗೆ ಬರುತ್ತದಾ ಕೇಳಿ. ಚಿಕ್ಕ ಮಗುವಿಗೆ ಚೈಲ್ಡ್ ಸೀಟ್ ಬೇಕೇ ಬೇಕು, ಅದರ ಐಸೋಫಿಕ್ಸ್ ಕೊಂಡಿ ಯಾವ ಸೀಟಿನಲ್ಲಿದೆ ಅಂತ ಕೈ ಹಾಕಿ ನೋಡಿ. ಎಲ್ಲ ಸೀಟೂ ಎತ್ತಿ, ಊರಿಗೆ ಹೋಗುವ ಬ್ಯಾಗು ಹಿಂದೆ ಇಟ್ಟು ಡಿಕ್ಕಿ ಮುಚ್ಚಿ. ಏಳು ಸೀಟಿನ ಗಾಡಿಗಳಲ್ಲಿ ಹೆಚ್ಚಿನ ಮನೆಗಳಿಗೆ ನಿರಾಸೆಯಾಗುವುದು ಇಲ್ಲೇ. ಅಪ್ಪನಿಗೆ ಹತ್ತಲು ಆಗದೇ ಹೋದರೆ ಎಸ್‌ಯುವಿ ಆಸೆ ಬಿಟ್ಟು, ನೆಲ ತಗ್ಗಿರುವ ಎರ್ಟಿಗಾ ಥರದ ಗಾಡಿಯನ್ನೂ ಅದರ ಸುರಕ್ಷತಾ ಅಂಕ ನೋಡಿಕೊಂಡು ಪರಿಗಣಿಸಿ.

ಡೀಸೆಲ್ ತಗೊಂಡರೆ ಒಂದು ಹೊಸ ಅಭ್ಯಾಸ ಬೇಕು. ನಿಮ್ಮ ಪಿಕಪ್ ಬಿಎಸ್4, ಅಂದರೆ ಹಳೆ ಹೊಗೆ ನಿಯಮದ ಗಾಡಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ತೋಟದಿಂದ ಪೇಟೆಗೆ, ಪೇಟೆಯಿಂದ ಸ್ಕೂಲಿಗೆ ಅಂತ ಚಿಕ್ಕ ಚಿಕ್ಕ ಓಡಾಟವೇ ಆದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರಸೀಕೆರೆ ತನಕ ಒಂದೇ ವೇಗದಲ್ಲಿ ಹೋಗಿ ಬಂದರೆ ಮಸಿ ತಾನೇ ಉರಿದುಹೋಗುತ್ತದೆ. ಫಿಲ್ಟರಿನ ಎಚ್ಚರಿಕೆ ದೀಪ ಹೊತ್ತಿದ ಮೇಲೂ ಸುಮ್ನೆ ಓಡಿಸಿದರೆ ಖರ್ಚು ದೊಡ್ಡದು. ಅಷ್ಟು ಓಡಾಟ ಇಲ್ಲ ಅಂದ್ರೆ ಸ್ಕಾರ್ಪಿಯೋ ಎನ್ ಪೆಟ್ರೋಲ್ ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಬಿಳಿ ಬೋರ್ಡಿನ ಇಸುಜು ವಿ-ಕ್ರಾಸ್ ಇದೆ. ಮಗು ಹುಟ್ಟಿ ಮೂರು ತಿಂಗಳು. ಮನೆಯವರು ಎಸ್‌ಯುವಿಗೆ ಬದಲಿಸೋಣ ಅಂತಾರೆ. ನನಗೆ ಮನಸ್ಸಿಲ್ಲ.

ಉತ್ತರ: ಮನೆಯವರ ಮಾತು ಸರಿ. ಐದು ಮೀಟರಿಗೂ ಉದ್ದದ ಗಾಡಿಯನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಿರುಗಿಸುವ ಕಷ್ಟ ನಿಮಗೇ ಗೊತ್ತು. ಮಗುವಿನ ಸೀಟು ಹಿಂದಕ್ಕೆ ಮುಖಮಾಡಿ ಹಿಂದಿನ ಸಾಲಿನಲ್ಲಿ ಕೂರಬೇಕು. ಅದನ್ನು ಇಟ್ಟ ಮೇಲೆ ಮುಂದಿನ ಸೀಟು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆ ಅಂತ ಒಮ್ಮೆ ನೋಡಿ. ಹಿಂದೆ ಲೋಡ್ ಇಲ್ಲದಾಗ ಕಮಾನು ಪಟ್ಟಿಯ ಎಗರಾಟವೂ ಎಳೆ ಮಗುವಿಗೆ ಹಿತವಲ್ಲ.

ತಿಪಟೂರಿನವರಿಗೆ ಹೇಳಿದ ಒಂದು ವಿಷಯ ನಿಮಗೆ ತಿರುಗುಮುರುಗು. ಪಾಲಿಸಿ ಖಾಸಗಿ ಕಾರಿನದಾಗಿದ್ದರೆ ನೋ ಕ್ಲೇಮ್ ಬೋನಸ್ ಹೊಸ ಕಾರಿಗೆ ಬರುತ್ತದೆ. ಮಾರುವ ಮುಂಚೆ ಆ ಬೋನಸ್ಸಿನ ಪತ್ರವನ್ನು ಇನ್ಶೂರೆನ್ಸ್ ಕಂಪನಿಯಿಂದ ಕೇಳಿ ಪಡೆಯಿರಿ, ಮೂರು ವರ್ಷ ನಡೆಯುತ್ತದೆ. ಗಾಡಿಯನ್ನು ಪಿಕಪ್ ಇಷ್ಟಪಡುವವರಿಗೇ ಮಾರಿ. ಕಾಫಿ ತೋಟದವರು, ಟ್ರೆಕ್ಕಿಂಗಿನವರು ಇದರ ಬೆಲೆ ಬಲ್ಲರು. ಮೇಲೆ ಹಾಕಿಸಿದ ಕ್ಯಾನಪಿ, ದೊಡ್ಡ ಟೈರು ಬಿಚ್ಚಿ ಬೇರೆ ಮಾರಿ. ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ವರ್ಗಾವಣೆಯಲ್ಲಿ ತೊಡಕು ತರುತ್ತದೆ.

ಪ್ರಶ್ನೆ: ಅಮೆರಿಕದ ಡಲ್ಲಾಸಿನಲ್ಲಿದ್ದೇವೆ. ಫೋರ್ಡ್ ಎಫ್-150 ಕೊಟ್ಟು ಮೂರು ಸಾಲಿನ ಎಸ್‌ಯುವಿ ತಗೋಬೇಕು. ಟ್ರಕ್ಕಿನ ಸಾಲ ಇನ್ನೂ ಇದೆ. ಹೊರಗೆ ಮಾರೋದಾ, ಡೀಲರಿಗಾ?

ಉತ್ತರ: ನಿಮ್ಮಲ್ಲಿ ಲೆಕ್ಕ ಬೇರೆ. ಟೆಕ್ಸಾಸಿನಲ್ಲಿ ಗಾಡಿಯ ಮಾರಾಟ ತೆರಿಗೆ 6.25%. ಹಳೆ ಗಾಡಿಯನ್ನು ಅದೇ ಡೀಲರಿಗೆ ಕೊಟ್ಟರೆ ಅದರ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಟ್ರಕ್ಕಿಗೆ ಡೀಲರು 30,000 ಡಾಲರ್ ಕೊಟ್ಟರೆ 1,875 ಡಾಲರ್ ತೆರಿಗೆ ಉಳಿಯುತ್ತದೆ. ಹೊರಗಿನವರು ಡೀಲರಿಗಿಂತ 1,875 ಡಾಲರಿಗೂ ಜಾಸ್ತಿ ಕೊಟ್ಟರೆ ಮಾತ್ರ ಹೊರಗೆ ಮಾರಿ. ಕ್ಯಾಲಿಫೋರ್ನಿಯಾದಲ್ಲಿ ಈ ವಿನಾಯಿತಿ ಇಲ್ಲ, ಅಲ್ಲಿನ ಗೆಳೆಯರ ಸಲಹೆ ನಿಮಗೆ ಹೊಂದುವುದಿಲ್ಲ.

ಮೊದಲು ಬ್ಯಾಂಕಿನಿಂದ ಸಾಲ ಪೂರ್ತಿ ತೀರಿಸುವ ಮೊತ್ತ ಬರೆಸಿಕೊಳ್ಳಿ. ಟ್ರಕ್ಕಿನ ಬೆಲೆಗಿಂತ ಅದು ದೊಡ್ಡದಾಗಿದ್ದರೆ ಡೀಲರು ಆ ಕೊರತೆಯನ್ನು ಹೊಸ ಸಾಲಕ್ಕೆ ಸೇರಿಸಿ, ಕಂತು ಮಾತ್ರ ತೋರಿಸುತ್ತಾರೆ. ಒಪ್ಪಬೇಡಿ. ಕೊರತೆ ತುಂಬುವಷ್ಟು ತಿಂಗಳು ಟ್ರಕ್ಕನ್ನೇ ಓಡಿಸಿ, ಆಮೇಲೆ ಹೋಗಿ. ಹೊಸ ಗಾಡಿಯ ಬೆಲೆ, ಹಳೆಯದರ ಬೆಲೆ, ಬಡ್ಡಿ, ಈ ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಸಿಕೊಳ್ಳಿ.