ಲಿಥಿಯಂ ತಗೊಳ್ಳೋರು ಉಪ್ಪು ಬಿಡೋ ಮುಂಚೆ ಇದನ್ನ ಓದಿ

ನಿಮ್ಮ ತಮ್ಮನಿಗೆ ಬೈಪೋಲಾರ್ (ಮನಸ್ಸು ಒಮ್ಮೆ ಉನ್ಮಾದಕ್ಕೆ, ಒಮ್ಮೆ ಖಿನ್ನತೆಗೆ ವಾಲೋ ಕಾಯಿಲೆ), ಅದಕ್ಕೆ ಲಿಥಿಯಂ ಮಾತ್ರೆ ನಡೀತಿದೆ, ಪಥ್ಯ ಮತ್ತು ಪ್ರಕೃತಿ ಚಿಕಿತ್ಸೆಯಿಂದ ಮಾತ್ರೆ ಬಿಡಿಸಬಹುದಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ಇದೇ ಪ್ರಶ್ನೆಯನ್ನ ನಾನು ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ, ನನ್ನ ಡಾಕ್ಟರ್ ಒಬ್ಬರನ್ನ ಬಿಟ್ಟು.

ದಾವಣಗೆರೆಯಲ್ಲಿ ನನ್ನದು ಟೈಲರಿಂಗ್ ಅಂಗಡಿ. ಆಗ ದಿನಕ್ಕೆ 900 ಮಿಲಿಗ್ರಾಂ ಲಿಥಿಯಂ, ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.8 ಮಿಲಿಮೋಲ್. ಎರಡು ವರ್ಷದಿಂದ ಮನಸ್ಸು ಹದದಲ್ಲಿತ್ತು. ಆದರೆ ತೂಕ ಏರಿತ್ತು, ಯಾವಾಗಲೂ ಬಾಯಾರಿಕೆ. ನೆಂಟರೊಬ್ಬರು ಹೇಳಿದ್ರು ಅಂತ ಹತ್ತು ದಿನದ ಪ್ರಕೃತಿ ಚಿಕಿತ್ಸಾ ಶಿಬಿರಕ್ಕೆ ಹೋದೆ. ಉಪ್ಪಿಲ್ಲದ ಬೇಯಿಸಿದ ತರಕಾರಿ, ಬೂದುಗುಂಬಳದ ರಸ, ಎರಡು ದಿನ ಉಪವಾಸ, ದಿನಾ ಹಬೆ ಸ್ನಾನ. ಟೀ ಬಂದ್, ನಾನೋ ದಿನಕ್ಕೆ ಆರು ಲೋಟ ಕುಡಿಯೋಳು. ಲಿಥಿಯಂ ಮಾತ್ರ ಬಿಡಲಿಲ್ಲ, ಬ್ಯಾಗಿನಲ್ಲಿಟ್ಟು ಕದ್ದು ನುಂಗ್ತಿದ್ದೆ. ಸೇರುವಾಗ ಕೊಟ್ಟ ಅರ್ಜಿಯಲ್ಲಿ 'ಈಗ ತೆಗೆದುಕೊಳ್ಳುತ್ತಿರುವ ಔಷಧಿ' ಅಂತ ಒಂದು ಗೆರೆ ಇತ್ತು. 'ಇಲ್ಲ' ಅಂತ ಬರೆದೆ. ತಲೆ ಸರಿಯಿಲ್ಲದೋಳು ಅಂದ್ಕೊಂಡಾರು ಅನ್ನೋ ನಾಚಿಕೆ.

ಆರನೇ ದಿನ ಭೇದಿ ಶುರುವಾಯ್ತು, ಎಂಟನೇ ದಿನ ನಡೆದರೆ ಕಾಲು ವಾಲ್ತಿತ್ತು. ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ ಅಂದ್ರು ಶಿಬಿರದವರು. ನಂಬಿದೆ. ಊರಿಗೆ ಬಂದ ಮಾರನೇ ಬೆಳಿಗ್ಗೆ ಮಿಷನ್ ಮುಂದೆ ಕೂತು, ದಾರದ ತುದಿ ನಾಲಿಗೆಗೆ ಒತ್ತಿ ಸೂಜಿಗೆ ಪೋಣಿಸೋಕೆ ಹೋದೆ. ದಾರ ಒಮ್ಮೆ ಸೂಜಿಕಣ್ಣಿನ ಬಲಕ್ಕೆ, ಒಮ್ಮೆ ಎಡಕ್ಕೆ. ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದೆ, ಎರಡೂ ಕೈ ಸೇರಿ ನಡುಗಿ ಬೆರಳು ಮಿಷನ್ನಿನ ಹಲಗೆಗೆ ಟಕಟಕ ಬಡೀತಿತ್ತು. ಸಹಾಯಕ್ಕಿದ್ದ ಹುಡುಗಿಯನ್ನ ಕರೆಯೋಣ ಅಂದ್ರೆ ಅವಳ ಹೆಸರೇ ಬಾಯಲ್ಲಿ ಸರಿಯಾಗಿ ಹೊರಡಲಿಲ್ಲ. ಆಸ್ಪತ್ರೆಯಲ್ಲಿ ಲಿಥಿಯಂ ಮಟ್ಟ 2.3 ಬಂತು. 1.5 ದಾಟಿದರೇ ವಿಷ ಅಂತ ಲೆಕ್ಕ.

ಮಾತ್ರೆ ಒಂದೂ ಹೆಚ್ಚು ನುಂಗಿರಲಿಲ್ಲ. ಹಾಗಾದರೆ ಹೇಗೆ ಏರಿತು ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ. ಮೂತ್ರಪಿಂಡ ಅದನ್ನ ಸೋಡಿಯಂ ಜೊತೆಗೇ ಸೇರಿಸಿ ನೋಡುತ್ತೆ. ಊಟದಲ್ಲಿ ಉಪ್ಪು ಸಿಗದಿದ್ದಾಗ ಇರೋ ಸೋಡಿಯಂ ಹೊರಗೆ ಬಿಡದೆ ಹಿಡ್ಕೊಳ್ಳುತ್ತೆ, ಅದರ ಜೊತೆ ಲಿಥಿಯಂ ಕೂಡ ಒಳಗೇ ಉಳಿಯುತ್ತೆ. ಬೆವರಿ, ಭೇದಿಯಾಗಿ, ಉಪವಾಸವಿದ್ದು ಮೈಯ ನೀರು ಇಳಿದರೂ ಅಷ್ಟೇ. ಟೀ ಕಾಫಿ ಲಿಥಿಯಂ ಹೊರಹಾಕೋಕೆ ನೆರವಾಗುತ್ತೆ. ಅದನ್ನ ದಿಢೀರ್ ನಿಲ್ಲಿಸಿದರೂ ಮಟ್ಟ ಮೇಲೇರುತ್ತೆ. ನಾನು ಇವೆಲ್ಲವನ್ನೂ ಒಂದೇ ವಾರದಲ್ಲಿ ಮಾಡಿದ್ದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆಗಳೂ ಹೀಗೇ ಏರಿಸ್ತವೆ. ಅರ್ಜಿಯ ಆ ಗೆರೆಯ ಮೇಲೆ 'ಲಿಥಿಯಂ' ಅಂತ ಒಂದು ಪದ ಬರೆದಿದ್ದರೆ ಯಾರಾದರೂ ತಡೀತಿದ್ರೇನೋ. ಕೈ ತಹಬಂದಿಗೆ ಬರೋಕೆ ಮೂರು ತಿಂಗಳು ಹಿಡೀತು, ಆ ವರ್ಷದ ಮದುವೆ ಸೀಸನ್ನಿನ ಬ್ಲೌಸುಗಳನ್ನೆಲ್ಲ ಹೊಲಿಯದೆ ವಾಪಸ್ ಕೊಟ್ಟೆ.

ಹಾಗಾಗಿ ಮಾತ್ರೆಯೋ ಆಹಾರವೋ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲಿಥಿಯಂ ನುಂಗೋನಿಗೆ ಅವನ ತಟ್ಟೆಯಲ್ಲಿರೋ ಉಪ್ಪೂ ಔಷಧಿಯ ಲೆಕ್ಕಕ್ಕೇ ಸೇರುತ್ತೆ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು, ಆತ್ಮಹತ್ಯೆಯ ಅಪಾಯವೂ ಏರುತ್ತೆ. ಪಥ್ಯದ ಹೆಸರಲ್ಲಿ ಬಿಡಿಸಬೇಡಿ.

ಮೀನೆಣ್ಣೆಯ ಒಮೆಗಾ-3 ಖಿನ್ನತೆಯ ಕಡೆಗೆ ಸ್ವಲ್ಪ ನೆರವಾಗಬಹುದು, ಉನ್ಮಾದಕ್ಕೆ ಆಗಲ್ಲ. ನಾನು ಅಗಸೆ ಚಟ್ನಿಪುಡಿ ತಿಂತೀನಿ, ರುಚಿಗೆ. ಅದರಲ್ಲಿರೋ ಒಮೆಗಾ-3 ನಮ್ಮ ಮೈಯಲ್ಲಿ ಮೀನೆಣ್ಣೆಯ ಬಗೆಯ ಒಮೆಗಾ-3 ಆಗಿ ಮಾರ್ಪಡೋದು ತೀರ ಕಡಿಮೆ. ಆನ್‌ಲೈನಿನಲ್ಲಿ ಮನಸ್ಸು ಹಗುರಾಗೋಕೆ ಅಂತ ಮಾರೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಮಾತ್ರ ಮುಟ್ಟಲೇಬೇಡಿ, ಅದು ಬೈಪೋಲಾರ್ ಇರೋರನ್ನ ಉನ್ಮಾದಕ್ಕೆ ತಳ್ಳಬಲ್ಲದು. ಔಷಧಿ ಬಿಟ್ಟರೆ ನನ್ನನ್ನ ಕಾಯ್ದಿರೋದು ನಿದ್ದೆ. ರಾತ್ರಿ ಹತ್ತಕ್ಕೆ ದೀಪ ಆರಿಸ್ತೀನಿ, ಜಾತ್ರೆಯಿರಲಿ ಮದುವೆಯಿರಲಿ. ಎರಡು ರಾತ್ರಿ ನಿದ್ದೆ ಬೇಡ ಅನ್ನಿಸಿದರೆ ಡಾಕ್ಟರಿಗೆ ಫೋನ್ ಮಾಡ್ತೀನಿ. ಯೋಗವೂ ಮಾಡ್ತೀನಿ, ಡಾಕ್ಟರಿಗೆ ಹೇಳಿಯೇ.

ತಮ್ಮನ ಲಿಥಿಯಂ ಮಟ್ಟ ಕೊನೆಗೆ ಯಾವಾಗ ನೋಡಿಸಿದ್ದೀರಿ? ರಾತ್ರಿ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಜೊತೆಗೆ ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಕೂಡ ನೋಡಿಸಿ. ಕೈ ನಡುಕ ಹೆಚ್ಚಾಗಿ, ಭೇದಿ, ತೊದಲು, ತೂರಾಟ ಕಂಡರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಾಕ್ಟರ್ ಸಿಗದೆ ಏನು ಮಾಡೋದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.